ಸಾಚಿಯೊ ಕಿನುಗಾಸ: 2,215 ಪಂದ್ಯ ಒಂದನ್ನೂ ಬಿಡದೆ ಆಡಿದವರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿನ ಬೇಸ್‌ಬಾಲ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಇಚಿರೊ, ಒಹ್ತಾನಿ. ಇಬ್ಬರೂ ಅಮೆರಿಕಕ್ಕೆ ಹೋಗಿ ಅಲ್ಲಿನ ಲೀಗ್‌ನಲ್ಲಿ ಗೆದ್ದವರು. ಸಾಚಿಯೊ ಕಿನುಗಾಸ ಹಾಗಲ್ಲ. 23 ವರ್ಷ ಒಂದೇ ಊರಿನ ಒಂದೇ ತಂಡಕ್ಕೆ ಆಡಿದರು. ಅದೂ ಹಿರೋಶಿಮಾದ ತಂಡಕ್ಕೆ. ಅವರ ದಾಖಲೆಯ ಸಂಖ್ಯೆ ಎಲ್ಲ ಕಡೆ ಸಿಗುತ್ತದೆ, ಅದರ ಹಿಂದಿನ ಮನುಷ್ಯನ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ಕಡಿಮೆ. ಆ ಕೊರತೆಯನ್ನು ಸ್ವಲ್ಪವಾದರೂ ತುಂಬಲು ಈ ಬರಹ.

ಕಿನುಗಾಸ ಯಾರು? ಚುಟುಕಾಗಿ ಹೇಳಿ.

1965ರಿಂದ 1987ರವರೆಗೆ ಹಿರೋಶಿಮಾ ಕಾರ್ಪ್ ತಂಡಕ್ಕೆ ಆಡಿದ ಇನ್‌ಫೀಲ್ಡರ್. ಮೊದಲು ಒಂದನೇ ಬೇಸ್, ಆಮೇಲೆ ಮೂರನೇ ಬೇಸ್ ಕಾಯ್ದರು. 1970ರ ಅಕ್ಟೋಬರ್ 19ರಿಂದ 1987ರ ಅಕ್ಟೋಬರ್ 22ರವರೆಗೆ ತಂಡ ಆಡಿದ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಒಟ್ಟು 2,215 ಪಂದ್ಯ. ಜಪಾನಿನಲ್ಲಿ ಈ ದಾಖಲೆಯನ್ನು ಇವತ್ತಿಗೂ ಯಾರೂ ಮುಟ್ಟಿಲ್ಲ. ಜೊತೆಗೆ 504 ಹೋಂ ರನ್ (ಕ್ರಿಕೆಟ್‌ನ ಸಿಕ್ಸರ್‌ನಂತೆ ಚೆಂಡನ್ನು ಬೇಲಿಯಾಚೆ ಹೊಡೆಯುವುದು), 2,543 ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ತಲುಪುವುದು).

ಬೇಸ್‌ಬಾಲ್ ಅಷ್ಟಾಗಿ ಗೊತ್ತಿಲ್ಲ. ಇದನ್ನು ಓದಲು ಏನೇನು ತಿಳಿದಿರಬೇಕು?

ಬಹಳವೇನೂ ಬೇಡ. ಮೈದಾನದಲ್ಲಿ ವಜ್ರದಾಕಾರದ ನಾಲ್ಕು ಮೂಲೆಗಳಿವೆ. ಬ್ಯಾಟರ್ ನಿಲ್ಲುವುದು ಹೋಂ ಪ್ಲೇಟ್ ಬಳಿ. ಚೆಂಡು ಹೊಡೆದು ಒಂದು, ಎರಡು, ಮೂರನೇ ಬೇಸ್ ಸುತ್ತಿ ಮರಳಿ ಹೋಂ ಪ್ಲೇಟ್ ಮುಟ್ಟಿದರೆ ಒಂದು ರನ್. ಬ್ಯಾಟ್ ಬೀಸಿ ತಪ್ಪಿದರೆ ಅಥವಾ ಹೊಡೆಯಬಹುದಾದ ಚೆಂಡನ್ನು ಬಿಟ್ಟರೆ ಅದು ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ಔಟ್ (ಸ್ಟ್ರೈಕ್‌ಔಟ್), ಮೂರು ಔಟ್ ಆದರೆ ಆ ತಂಡದ ಸರದಿ ಮುಗಿಯಿತು. ಒಂಬತ್ತು ಇನ್ನಿಂಗ್ಸ್‌ಗೆ ಒಂದು ಪಂದ್ಯ.

ಈ ಬೇಸ್‌ಗಳ ಸುತ್ತ ನಿಂತು ಕಾಯುವವರೇ ಇನ್‌ಫೀಲ್ಡರ್‌ಗಳು. ಅದರಲ್ಲೂ ಮೂರನೇ ಬೇಸ್ ಕಷ್ಟದ ಜಾಗ. ಬಲಗೈ ಬ್ಯಾಟರ್ ಜೋರಾಗಿ ಎಳೆದು ಹೊಡೆದ ಚೆಂಡು ನೇರ ಅಲ್ಲಿಗೇ ನುಗ್ಗುತ್ತದೆ. ಕ್ರಿಕೆಟ್‌ನಲ್ಲಿ ಶಾರ್ಟ್ ಲೆಗ್‌ನಲ್ಲಿ ನಿಲ್ಲುವವನಿಗೆ ಬೇಕಾದ ಎದೆಗಾರಿಕೆಯೇ ಇಲ್ಲಿಯೂ ಬೇಕು. ಅದರ ಮೇಲೆ, ಹಿಡಿದ ಚೆಂಡನ್ನು ಮೈದಾನದ ಆ ತುದಿಯ ಒಂದನೇ ಬೇಸ್‌ಗೆ ಓಟಗಾರನಿಗಿಂತ ಮೊದಲೇ ಎಸೆದು ಮುಟ್ಟಿಸಬೇಕು.

ಇನ್ನೊಂದು ವಿಷಯ ನೆನಪಿಡಿ. ಕ್ರಿಕೆಟ್ಟಿಗರ ಹಾಗೆ ಬೇಸ್‌ಬಾಲ್ ಆಟಗಾರರಿಗೆ ಸರಣಿಗಳ ನಡುವೆ ವಾರಗಟ್ಟಲೆ ಬಿಡುವಿರುವುದಿಲ್ಲ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ವಾರದಲ್ಲಿ ಐದಾರು ಪಂದ್ಯ ಇದ್ದೇ ಇರುತ್ತದೆ. ಒಂದೂ ಬಿಡದೆ ಆಡುವುದು ಎಷ್ಟು ಭಾರದ ಮಾತು ಎಂಬುದು ಇದರಿಂದ ತಿಳಿಯುತ್ತದೆ.

ಅವರು ಹುಟ್ಟಿದ್ದು ಎಲ್ಲಿ? ಮನೆಯ ಹಿನ್ನೆಲೆ ಏನು?

1947ರ ಜನವರಿ 18ರಂದು ಕ್ಯೋಟೊದಲ್ಲಿ. ಜಪಾನ್ ಯುದ್ಧದಲ್ಲಿ ಸೋತು ಅಮೆರಿಕದ ಸೇನೆಯ ಆಡಳಿತದಲ್ಲಿದ್ದ ಕಾಲ ಅದು. ತಾಯಿ ಜಪಾನಿನವರು, ತಂದೆ ಆಫ್ರಿಕನ್ ಅಮೆರಿಕನ್ ಸೈನಿಕ. ತಂದೆಯ ನೆರಳು ಮಗನಿಗೆ ಸಿಗಲಿಲ್ಲ.

ಆ ವರ್ಷಗಳ ಜಪಾನಿನಲ್ಲಿ ಇಂಥ ಮಕ್ಕಳ ಬಾಳು ಸುಲಭದ್ದಾಗಿರಲಿಲ್ಲ. ಮೈಬಣ್ಣ ನೋಡಿದ ಕೂಡಲೇ ಜನ ಕಥೆ ಕಟ್ಟುತ್ತಿದ್ದರು. ಅಪ್ಪ ಶತ್ರು ದೇಶದ ಸಿಪಾಯಿ ಎಂಬ ಮಾತು ಬೆನ್ನ ಹಿಂದೆ ಕೇಳಿಬರುತ್ತಿತ್ತು. ಕಿನುಗಾಸ ತಮ್ಮ ತಂದೆಯ ವಿಷಯವನ್ನು ಸಾರ್ವಜನಿಕವಾಗಿ ಹೆಚ್ಚು ಮಾತನಾಡಿದವರಲ್ಲ. ಅವರು ತಾವಾಗಿ ಮುಚ್ಚಿಟ್ಟ ಬಾಗಿಲನ್ನು ನಾವು ತಳ್ಳಿ ತೆರೆಯುವುದು ಬೇಡ. ಇಷ್ಟು ಮಾತ್ರ ಹೇಳಬಹುದು. ಮುಂದೆ ಇದೇ ಹುಡುಗನನ್ನು ದೇಶದ ಪ್ರಧಾನಿಯೇ ಗೌರವಿಸಿದರು. 1950ರ ದಶಕದ ಕ್ಯೋಟೊದ ಬೀದಿಯಲ್ಲಿ ನಿಂತು ಯಾರಾದರೂ ಹೀಗಾಗುತ್ತದೆ ಎಂದು ಹೇಳಿದ್ದರೆ ನಂಬುವವರು ಇರುತ್ತಿರಲಿಲ್ಲ.

ಶಾಲೆಯಲ್ಲಿದ್ದಾಗಲೇ ಹೆಸರು ಮಾಡಿದ್ದರೇ?

ಹೌದು. ಕ್ಯೋಟೊದ ಹೇಯಾನ್ ಪ್ರೌಢಶಾಲೆ ಬೇಸ್‌ಬಾಲ್‌ಗೆ ಹೆಸರಾದದ್ದು. ಅಲ್ಲಿ ಅವರು ಕ್ಯಾಚರ್, ಅಂದರೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರು. 1964ರಲ್ಲಿ ವಸಂತ ಮತ್ತು ಬೇಸಿಗೆಯ ಎರಡೂ ಕೊಶಿಯೆನ್ ಪಂದ್ಯಾವಳಿಗಳಲ್ಲಿ ಆಡಿದರು. ಕೊಶಿಯೆನ್ ಎಂದರೆ ಜಪಾನಿನ ಶಾಲಾ ಹುಡುಗರ ರಾಷ್ಟ್ರಮಟ್ಟದ ಪಂದ್ಯಾವಳಿ. ಆ ದಿನಗಳಲ್ಲಿ ಇಡೀ ದೇಶ ರೇಡಿಯೊ, ಟಿ.ವಿ. ಮುಂದೆ ಕೂರುತ್ತದೆ. ಅಲ್ಲಿ ಚೆನ್ನಾಗಿ ಆಡಿದ ಹುಡುಗನ ಮನೆಗೆ ವೃತ್ತಿಪರ ತಂಡದವರು ಬಂದೇ ಬರುತ್ತಾರೆ.

ಆಟಗಾರರನ್ನು ತಂಡಗಳಿಗೆ ಹಂಚುವ ಡ್ರಾಫ್ಟ್ ಪದ್ಧತಿ ಶುರುವಾದದ್ದು 1965ರ ಕೊನೆಯಲ್ಲಿ. ಅದಕ್ಕೂ ಮುಂಚೆಯೇ ಕಿನುಗಾಸ ಹಿರೋಶಿಮಾದ ಜೊತೆ ಒಪ್ಪಂದ ಮಾಡಿಕೊಂಡಿದ್ದರು.

ಆಗ ಹಿರೋಶಿಮಾ ಕಾರ್ಪ್ ಎಂಥ ತಂಡ?

ಬಡ ತಂಡ, ಸೋಲುವ ತಂಡ. ಆದರೆ ಆ ಊರಿನವರ ಪ್ರಾಣ.

1945ರ ಆಗಸ್ಟ್ 6ರಂದು ಅಣುಬಾಂಬ್ ಬಿದ್ದು ಊರು ಬೂದಿಯಾಯಿತು. ಐದು ವರ್ಷವೂ ತುಂಬುವ ಮೊದಲೇ, 1950ರ ಋತುವಿನಲ್ಲಿ, ಹಿರೋಶಿಮಾ ತನ್ನದೇ ವೃತ್ತಿಪರ ತಂಡವನ್ನು ಮೈದಾನಕ್ಕಿಳಿಸಿತು. ಬೇರೆ ತಂಡಗಳ ಬೆನ್ನಿಗೆ ದೊಡ್ಡ ಪತ್ರಿಕೆಗಳು, ರೈಲ್ವೆ ಕಂಪನಿಗಳು ಇದ್ದವು. ಕಾರ್ಪ್‌ಗೆ ಅಂಥ ದಣಿಗಳಿರಲಿಲ್ಲ. 1951ರಲ್ಲಿ ಆಟಗಾರರ ಸಂಬಳಕ್ಕೂ ಹಣವಿಲ್ಲದೆ ತಂಡ ಮುಚ್ಚುವ ಮಾತು ಬಂತು. ಆಗ ಕ್ರೀಡಾಂಗಣದ ಬಾಗಿಲಲ್ಲಿ ಸಾಕೆ ಮದ್ಯದ ಮರದ ಪೀಪಾಯಿ ಇಟ್ಟರು. ಮನೆ ಕಳೆದುಕೊಂಡವರು, ಮಕ್ಕಳನ್ನು ಕಳೆದುಕೊಂಡವರು ತಮ್ಮ ಕೈಲಾದ ಚಿಲ್ಲರೆ ಕಾಸು ಅದರೊಳಗೆ ಹಾಕಿ ತಂಡವನ್ನು ಉಳಿಸಿಕೊಂಡರು. ಕ್ರೀಡೆಯ ಚರಿತ್ರೆಯಲ್ಲಿ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ಘಟನೆಗಳು ಹೆಚ್ಚಿಲ್ಲ.

1957ರಲ್ಲಿ ತಂಡಕ್ಕೆ ಹೊಸ ಕ್ರೀಡಾಂಗಣ ಬಂತು. ಬಾಂಬಿನ ಹೊಡೆತಕ್ಕೆ ಅಸ್ಥಿಪಂಜರವಾಗಿ ಉಳಿದ ಗುಮ್ಮಟದ ಕಟ್ಟಡ ಅಲ್ಲಿಂದ ರಸ್ತೆ ದಾಟಿದರೆ ಸಿಗುತ್ತದೆ. ಕಿನುಗಾಸ ತಮ್ಮ ಇಡೀ ಆಟದ ಬದುಕನ್ನು ಆ ಗುಮ್ಮಟದ ಪಕ್ಕದಲ್ಲೇ ಕಳೆದರು. ಅವರು ಹಿರೋಶಿಮಾದಲ್ಲಿ ಹುಟ್ಟಿದವರಲ್ಲ, ಆದರೂ ಊರು ಅವರನ್ನು ತನ್ನ ಮನೆಮಗನೆಂದೇ ಎಣಿಸಿತು. ಪ್ರತಿದಿನ ಎದ್ದು ಬರುವವನ ಬೆಲೆ ಆ ಊರಿನವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಲು ಸಾಧ್ಯ?

ಮೊದಲಿನಿಂದಲೂ ಶಿಸ್ತಿನ ಆಟಗಾರರೇ?

ಇಲ್ಲ. ಅವರ ಕಥೆಯಲ್ಲಿ ನನಗೆ ತುಂಬ ಹಿಡಿಸುವ ಭಾಗವೇ ಇದು.

ಹದಿನೆಂಟರ ಹುಡುಗ, ಕೈಯಲ್ಲಿ ಒಪ್ಪಂದದ ಹಣ. ಅದರಿಂದ ಮೊದಲು ಕೊಂಡದ್ದು ದೊಡ್ಡದೊಂದು ಅಮೆರಿಕನ್ ಕಾರು. ತಂಡದ ಹಿರಿಯರ ಹುಬ್ಬೇರಿತು. ಆಟದಲ್ಲಿ ನೋಡಿದರೆ ಭುಜಕ್ಕೆ ಪೆಟ್ಟಾಗಿ ಕ್ಯಾಚರ್ ಕೆಲಸ ಕೈತಪ್ಪಿತು. ಮೊದಲ ಮೂರು ವರ್ಷ ಹೆಚ್ಚಿನ ಕಾಲ ಎರಡನೇ ದರ್ಜೆಯ ತಂಡದಲ್ಲೇ ಕಳೆಯಿತು. ಕಾರು ಓಡಿಸುವುದು, ರಾತ್ರಿ ಊರು ಸುತ್ತುವುದು, ಇದರಲ್ಲೇ ಹುಡುಗ ಮುಗಿದುಹೋಗುತ್ತಾನೆ ಎಂದುಕೊಂಡವರು ಇದ್ದರು.

1968ರಲ್ಲಿ ಒಂದನೇ ಬೇಸ್‌ನ ಕಾಯಂ ಜಾಗ ಸಿಕ್ಕಿತು. ಆ ವರ್ಷ 21 ಹೋಂ ರನ್ ಹೊಡೆದರು. ತಂಡವೂ ತನ್ನ ಚರಿತ್ರೆಯಲ್ಲೇ ಮೊದಲ ಸಲ ಲೀಗ್‌ನ ಮೇಲಿನ ಅರ್ಧಕ್ಕೆ, ಮೂರನೇ ಸ್ಥಾನಕ್ಕೆ ಏರಿತು. ಅಷ್ಟಾದರೂ ಆಟದಲ್ಲಿ ಏರಿಳಿತ ತಪ್ಪಲಿಲ್ಲ.

ಅವರನ್ನು ತಿದ್ದಿದವರಲ್ಲಿ ಮುಖ್ಯರು 1970ರಲ್ಲಿ ಬ್ಯಾಟಿಂಗ್ ಕೋಚ್ ಆಗಿ ಬಂದ ಜುಂಜೊ ಸೆಕಿನೆ. ಜಪಾನಿನ ಬೇಸ್‌ಬಾಲ್ ಅಭಿಮಾನಿಗಳಿಗೆಲ್ಲ ಗೊತ್ತಿರುವ ಒಂದು ಕಥೆಯಿದೆ. ದಿನದ ಪಂದ್ಯ ಮುಗಿದ ಮೇಲೂ ರಾತ್ರಿ ಬ್ಯಾಟ್ ಬೀಸಿ ಅಭ್ಯಾಸ ಮಾಡಬೇಕು, ಅದು ಸೆಕಿನೆ ಹಾಕಿದ ನಿಯಮ. ಒಂದು ರಾತ್ರಿ ಕಿನುಗಾಸ ಅದನ್ನು ಬಿಟ್ಟು ಕುಡಿಯಲು ಹೋದರು. ನಡುರಾತ್ರಿ ಕಳೆದು ತಂಡದ ವಸತಿಗೃಹಕ್ಕೆ ಮರಳಿದರೆ ಸೆಕಿನೆ ಎಚ್ಚರವಾಗಿಯೇ ಕೂತು ಕಾಯುತ್ತಿದ್ದರು. ಬೈಯಲಿಲ್ಲ, ಶುರು ಮಾಡೋಣ ಎಂದರು. ಆ ಹೊತ್ತಿನಲ್ಲೂ ಅಭ್ಯಾಸ ನಡೆದೇ ನಡೆಯಿತು. 2,215 ಪಂದ್ಯಗಳ ಸರಣಿ ಶುರುವಾದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಇವೆರಡೂ ಕಾಕತಾಳೀಯ ಎಂದು ನನಗೆ ಅನಿಸುವುದಿಲ್ಲ.

ಮೂರನೇ ಬೇಸ್‌ಗೆ ಬಂದದ್ದು ಯಾವಾಗ?

1975ರಲ್ಲಿ. ಆ ವರ್ಷ ಅಮೆರಿಕದ ಜೋ ಲೂಟ್ಜ್ ಮ್ಯಾನೇಜರ್ (ತಂಡದ ಮುಖ್ಯ ಕೋಚ್) ಆದರು. ಹಳೆಯ ಟೋಪಿಯನ್ನು ಕಿತ್ತೆಸೆದು ಕೆಂಪು ಟೋಪಿ ಕೊಟ್ಟವರು ಅವರೇ. ಇವತ್ತು ಹಿರೋಶಿಮಾ ಎಂದರೆ ಕೆಂಪು. ಅದು ಶುರುವಾದದ್ದು ಅಲ್ಲಿಂದ. ಕಿನುಗಾಸರನ್ನು ಒಂದನೇ ಬೇಸ್‌ನಿಂದ ಮೂರನೇ ಬೇಸ್‌ಗೆ ಕಳಿಸಿದವರೂ ಲೂಟ್ಜ್ ಅವರೇ. ಹತ್ತು ವರ್ಷ ವೃತ್ತಿಪರ ಆಟ ಆಡಿದವನಿಗೆ 28ನೇ ವಯಸ್ಸಿನಲ್ಲಿ ಹೊಸ ಜಾಗ, ಅದೂ ಚೆಂಡು ಅತಿ ಜೋರಾಗಿ ಬರುವ ಜಾಗ. ಕಲಿತರು. ಮುಂದೆ ಮೂರು ಸಲ ಲೀಗ್‌ನ ಶ್ರೇಷ್ಠ ಫೀಲ್ಡರ್‌ಗೆ ಕೊಡುವ ಪ್ರಶಸ್ತಿ ಪಡೆದರು.

ಲೂಟ್ಜ್ ಮಾತ್ರ ಹೆಚ್ಚು ದಿನ ಉಳಿಯಲಿಲ್ಲ. ಋತು ಶುರುವಾದ ಕೆಲವೇ ವಾರಗಳಲ್ಲಿ ಅಂಪೈರ್ ತೀರ್ಪಿನ ಮೇಲಿನ ಜಗಳ ಅತಿಯಾಗಿ, ಕೆಲಸ ಬಿಟ್ಟು ಹೊರಟರು. ಆ ಜಾಗಕ್ಕೆ ಬಂದವರು ತಾಕೇಶಿ ಕೋಬಾ.

1975ನೇ ಇಸವಿಗೆ ಹಿರೋಶಿಮಾದಲ್ಲಿ ಅಷ್ಟೊಂದು ಮಹತ್ವ ಏಕೆ?

ತಂಡ ಹುಟ್ಟಿ ಇಪ್ಪತ್ತೈದು ವರ್ಷಕ್ಕೆ ಬಂದ ಮೊದಲ ಲೀಗ್ ಪ್ರಶಸ್ತಿ ಅದು. ಅದಕ್ಕೂ ಹಿಂದಿನ ಮೂರು ವರ್ಷ ತಂಡ ಸಾಲಾಗಿ ಕೊನೆಯ ಸ್ಥಾನದಲ್ಲಿತ್ತು. 1975ರ ಅಕ್ಟೋಬರ್ 15ರಂದು ಟೋಕಿಯೊದ ಕೊರಾಕುಯೆನ್ ಕ್ರೀಡಾಂಗಣದಲ್ಲಿ ಯೋಮಿಯುರಿ ಜೈಂಟ್ಸ್ ತಂಡವನ್ನು 4-0ರಿಂದ ಸೋಲಿಸಿ ಪ್ರಶಸ್ತಿ ಖಚಿತಪಡಿಸಿಕೊಂಡರು. ಜೈಂಟ್ಸ್ ಎಂದರೆ ರಾಜಧಾನಿಯ ತಂಡ, 1965ರಿಂದ 1973ರವರೆಗೆ ಒಂಬತ್ತು ವರ್ಷ ಬಿಡದೆ ಜಪಾನ್ ಸರಣಿ (ದೇಶದ ಎರಡು ಲೀಗ್‌ಗಳ ವಿಜೇತರ ನಡುವಿನ ಅಂತಿಮ ಹಣಾಹಣಿ) ಗೆದ್ದ ತಂಡ. ಅವರ ಮನೆಯಂಗಳದಲ್ಲೇ ಗೆದ್ದರು. ಪೀಪಾಯಿಗೆ ಕಾಸು ಹಾಕಿದ ತಲೆಮಾರು ಇನ್ನೂ ಬದುಕಿತ್ತು. ಅವರು ಆ ರಾತ್ರಿ ಎಷ್ಟು ಅತ್ತಿರಬೇಕು ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಅದೇ ವರ್ಷದ ಆಲ್‌ಸ್ಟಾರ್ ಪಂದ್ಯದಲ್ಲಿ ಕಿನುಗಾಸ ಮತ್ತು ಕೋಜಿ ಯಾಮಾಮೊಟೊ ತಲಾ ಎರಡು ಹೋಂ ರನ್ ಹೊಡೆದು ಕೆಂಪು ಹೆಲ್ಮೆಟ್ ತಂಡವನ್ನು ದೇಶಕ್ಕೆಲ್ಲ ಪರಿಚಯಿಸಿದ್ದರು.

ಯಾಮಾಮೊಟೊ ಮತ್ತು ಕಿನುಗಾಸ ಜೋಡಿಯ ಬಗ್ಗೆ ಹೇಳಿ.

ಯಾಮಾಮೊಟೊ ಹಿರೋಶಿಮಾದಲ್ಲೇ ಹುಟ್ಟಿದವರು, ವಿಶ್ವವಿದ್ಯಾಲಯದಲ್ಲಿ ಓದಿ 1969ರಲ್ಲಿ ತಂಡ ಸೇರಿದರು. ಕಿನುಗಾಸ ಕ್ಯೋಟೊದಿಂದ ಬಂದವರು, ಪ್ರೌಢಶಾಲೆಯಿಂದ ನೇರ ತಂಡಕ್ಕೆ. ಇಬ್ಬರದೂ ಬಹುತೇಕ ಒಂದೇ ವಯಸ್ಸು. ಯಾಮಾಮೊಟೊ 536 ಹೋಂ ರನ್, ಕಿನುಗಾಸ 504. ಇಬ್ಬರೂ ಸೇರಿ 1975, 1979, 1980, 1984, 1986, ಹೀಗೆ ಐದು ಲೀಗ್ ಪ್ರಶಸ್ತಿ ಮತ್ತು 1979, 1980, 1984ರ ಮೂರು ಜಪಾನ್ ಸರಣಿ ತಂದುಕೊಟ್ಟರು. ಪೈಪೋಟಿಯೂ ಇತ್ತು, ಗೌರವವೂ ಇತ್ತು. 1986ರಲ್ಲಿ ಯಾಮಾಮೊಟೊ ನಿವೃತ್ತರಾದರು, ಮರುವರ್ಷ ಕಿನುಗಾಸ.

‘ಉಕ್ಕಿನ ಮನುಷ್ಯ’ ಎಂಬ ಅಡ್ಡಹೆಸರು ದಾಖಲೆಯಿಂದ ಬಂದದ್ದೇ?

ಮೊದಲು ಬಂದದ್ದು ಅಂಗಿಯ ಸಂಖ್ಯೆಯಿಂದ. 1974ರವರೆಗೆ ಅವರ ಸಂಖ್ಯೆ 28. ಆಗ ಜಪಾನಿನ ಮಕ್ಕಳಿಗೆಲ್ಲ ಗೊತ್ತಿದ್ದ ಚಿತ್ರಕಥೆಯೊಂದರ ದೈತ್ಯ ಉಕ್ಕಿನ ರೋಬೋಗೂ ಅದೇ ಸಂಖ್ಯೆ. 1975ರಲ್ಲಿ ಅವರು 3ನೇ ಸಂಖ್ಯೆಗೆ ಬದಲಾದರೂ ಹೆಸರು ಉಳಿಯಿತು. ಆಮೇಲಿನ ವರ್ಷಗಳಲ್ಲಿ ಅದಕ್ಕೆ ತಕ್ಕಂತೆ ಆಡಿ ಅದನ್ನು ತಮ್ಮದೇ ಮಾಡಿಕೊಂಡರು. ಈಗ ಹಿರೋಶಿಮಾದಲ್ಲಿ 3ನೇ ಸಂಖ್ಯೆಯ ಅಂಗಿಯನ್ನು ಯಾರಿಗೂ ಕೊಡುವುದಿಲ್ಲ.

2,215 ಎಂಬುದು ಹೇಗೆ ಬಂತು? ಲೆಕ್ಕ ಬಿಡಿಸಿ ಹೇಳುತ್ತೀರಾ?

1970ರ ಋತುವಿನ ಕೊನೆಯ 5 ಪಂದ್ಯ. ಆಮೇಲೆ 1971ರಿಂದ 1987ರವರೆಗೆ 17 ವರ್ಷ, ವರ್ಷಕ್ಕೆ 130 ಪಂದ್ಯ. ಅಂದರೆ 2,210. ಕೂಡಿದರೆ 2,215. ಹದಿನೇಳು ವರ್ಷದಲ್ಲಿ ಒಂದು ಜ್ವರಕ್ಕೂ, ಒಂದು ಉಳುಕಿಗೂ ರಜೆಯಿಲ್ಲ. ಬಿಡಿಸಿ ನೋಡಿದಾಗಲೇ ಈ ದಾಖಲೆಯ ಭಾರ ಅರ್ಥವಾಗುವುದು.

ಅವರಿಗಿಂತ ಮುಂಚೆ ಜಪಾನಿನ ದಾಖಲೆ ಇದ್ದದ್ದು ತೊಕುಜಿ ಈದಾ ಅವರ ಹೆಸರಿನಲ್ಲಿ, 1,246 ಪಂದ್ಯ. ಅದನ್ನು ಕಿನುಗಾಸ 1980ರಲ್ಲಿ ದಾಟಿದರು. ಆಮೇಲೆ ಇನ್ನೂ ಸುಮಾರು ಸಾವಿರ ಪಂದ್ಯ ಆಡಿದರು.

ಪ್ರತಿ ಪಂದ್ಯದಲ್ಲೂ ಪೂರ್ತಿ ಆಡಿದ್ದರೇ?

ಇಲ್ಲ. ಬದಲಿ ಬ್ಯಾಟರ್ ಆಗಿ ಒಮ್ಮೆ ಬಂದು ಹೋದರೂ ಆ ಪಂದ್ಯ ಆಡಿದಂತೆಯೇ ಲೆಕ್ಕ. ಒಂದು ಇನ್ನಿಂಗ್ಸನ್ನೂ ಬಿಡದೆ ಆಡುವುದಕ್ಕೆ ಬೇರೆಯೇ ದಾಖಲೆಯಿದೆ. ಅದರಲ್ಲೂ ಕಿನುಗಾಸ 678 ಪಂದ್ಯದವರೆಗೆ ಬಂದಿದ್ದರು. ಆಗಿನ ಜಪಾನಿನ ದಾಖಲೆ ಹಾನ್ಶಿನ್ ತಂಡದ ಹಿದೇಶಿ ಮಿಯಾಕೆ ಅವರ 700. ಇನ್ನು 22 ಪಂದ್ಯ ಆಡಿದ್ದರೆ ಸರಿಗಟ್ಟುತ್ತಿದ್ದರು. ಆದರೆ 1979ರ ಮೇ ತಿಂಗಳಲ್ಲಿ ಬ್ಯಾಟ್ ಪೂರ್ತಿ ಮಂಕಾಗಿತ್ತು. ಮ್ಯಾನೇಜರ್ ಕೋಬಾ ಅವರನ್ನು ಆರಂಭದ ತಂಡದಿಂದ ಹೊರಗಿಟ್ಟರು.

ಕೋಬಾ ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆ ವರ್ಷ ತಂಡ ಗೆದ್ದದ್ದು ಅದಕ್ಕೆ ಸಾಕ್ಷಿ. ಕಿನುಗಾಸರಿಗೆ ಅದು ನುಂಗಲಾರದ ತುತ್ತಾಗಿತ್ತು. ನುಂಗಿಕೊಂಡರು, ಬದಲಿ ಆಟಗಾರನಾಗಿ ಪಂದ್ಯಕ್ಕಿಳಿದರು, ಮತ್ತೆ ಬ್ಯಾಟಿನಿಂದಲೇ ಜಾಗ ಗೆದ್ದುಕೊಂಡರು.

ಇನ್ನಿಂಗ್ಸ್ ಬಿಡದ ಆ ದಾಖಲೆಯನ್ನು ಮುಂದೆ 1,492 ಪಂದ್ಯಕ್ಕೆ ಒಯ್ದವರು ತೊಮೊಆಕಿ ಕನೆಮೊಟೊ. ಅವರೂ ಹಿರೋಶಿಮಾದಲ್ಲಿ ಹುಟ್ಟಿ, ಕಾರ್ಪ್‌ನಲ್ಲೇ ಆಟ ಶುರು ಮಾಡಿದವರು.

1979ರ ಆಗಸ್ಟ್ 1ರಂದು ಏನಾಯಿತು?

ಕಿನುಗಾಸರ ಬಗ್ಗೆ ಒಂದೇ ಒಂದು ಘಟನೆ ಹೇಳಬೇಕೆಂದರೆ ನಾನು ಹೇಳುವುದು ಇದನ್ನೇ.

ಹಿರೋಶಿಮಾದಲ್ಲಿ ಜೈಂಟ್ಸ್ ಎದುರು ಪಂದ್ಯ. ಏಳನೇ ಇನ್ನಿಂಗ್ಸ್. ಪಿಚರ್ ತಾಕಾಶಿ ನಿಶಿಮೊಟೊ ಎಸೆದ ಚೆಂಡು ಕಿನುಗಾಸರ ಎಡಭುಜದ ಹಿಂಬದಿಗೆ ಬಡಿಯಿತು. ಅವರು ಅಲ್ಲೇ ಕುಸಿದರು. ಎರಡೂ ತಂಡದವರು ಮೈದಾನಕ್ಕೆ ನುಗ್ಗಿ ತಳ್ಳಾಟ ಶುರುವಾಯಿತು. ಆ ಗದ್ದಲದಲ್ಲಿ ಕ್ಷಮೆ ಕೇಳಲು ಬಂದ ನಿಶಿಮೊಟೊಗೆ ಕಿನುಗಾಸ ಹೇಳಿದ್ದು, ನನಗೇನೂ ಆಗಿಲ್ಲ, ಇಲ್ಲಿರುವುದು ಅಪಾಯ, ನೀನು ನಿಮ್ಮ ಬೆಂಚಿಗೆ ಹೋಗು ಎಂದು. ಇದನ್ನು ಆಮೇಲೆ ನೆನೆದು ಹೇಳಿದವರು ನಿಶಿಮೊಟೊ ಅವರೇ. ಹೊಡೆತ ತಿಂದು ನೆಲದ ಮೇಲಿರುವವನು ಹೊಡೆತ ಕೊಟ್ಟವನ ಕ್ಷೇಮ ಯೋಚಿಸಿದ್ದ.

ಆಸ್ಪತ್ರೆಯಲ್ಲಿ ನೋಡಿದರೆ ಹೆಗಲ ಹಿಂದಿನ ಚಪ್ಪಟೆ ಮೂಳೆ ಮುರಿದಿತ್ತು. ಸತತ ಪಂದ್ಯಗಳ ಸರಣಿ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡರು.

ಮರುದಿನವೂ ಜೈಂಟ್ಸ್ ಎದುರೇ ಪಂದ್ಯ. ಬದಲಿ ಬ್ಯಾಟರ್ ಎಂದು ಕಿನುಗಾಸರ ಹೆಸರು ಕೂಗಿದಾಗ ಕ್ರೀಡಾಂಗಣವೇ ಎದ್ದು ನಿಂತಿತು. ಎದುರಿಗಿದ್ದ ಪಿಚರ್ ಸುಗುರು ಎಗಾವಾ, ವೇಗಕ್ಕೆ ಹೆಸರಾದವರು. ಸುಮ್ಮನೆ ನಿಂತು ಮೂರು ಚೆಂಡು ಬಿಟ್ಟು ಹೋಗಿದ್ದರೂ ದಾಖಲೆ ಉಳಿಯುತ್ತಿತ್ತು. ಹಾಗೆ ಮಾಡಲಿಲ್ಲ. ಮೂರು ಸಲ ಬ್ಯಾಟ್ ಬೀಸಿದರು, ಮೂರೂ ಸಲ ಪೂರ್ತಿ ಬಲ ಹಾಕಿ. ಮೂರೂ ತಪ್ಪಿತು. ಸ್ಟ್ರೈಕ್‌ಔಟ್.

ಪಂದ್ಯದ ಬಳಿಕ ಅವರು ಹೇಳಿದ್ದು ಇಷ್ಟು: ಮೊದಲನೆಯದು ಅಭಿಮಾನಿಗಳಿಗಾಗಿ, ಎರಡನೆಯದು ನನಗಾಗಿ, ಮೂರನೆಯದು ನಿಶಿಮೊಟೊಗಾಗಿ. ಈ ಮೂರನೆಯ ಮಾತನ್ನು ಗಮನಿಸಿ. ನಿಶಿಮೊಟೊ ಆಗ ಇನ್ನೂ ಇಪ್ಪತ್ತಮೂರರ ಹುಡುಗ. ಕಿನುಗಾಸರ ದಾಖಲೆ ಮುರಿದವನು ಎಂಬ ಹೆಸರು ಅಂಟಿದ್ದರೆ ಜೀವನವಿಡೀ ಅದನ್ನು ಹೊರಬೇಕಾಗುತ್ತಿತ್ತು. ನಾನು ಚೆನ್ನಾಗಿದ್ದೇನೆ, ನೋಡು, ಬ್ಯಾಟ್ ಬೀಸುತ್ತಿದ್ದೇನೆ ಎಂದು ಅವನಿಗೆ ತೋರಿಸಲು ಮುರಿದ ಮೂಳೆಯಲ್ಲೇ ಮೂರನೇ ಸಲ ಬೀಸಿದರು. 504 ಹೋಂ ರನ್‌ಗಳಲ್ಲಿ ಯಾವುದಕ್ಕಿಂತಲೂ ಈ ಸ್ಟ್ರೈಕ್‌ಔಟ್ ದೊಡ್ಡದು.

ಅದೇ ವರ್ಷದ ಜಪಾನ್ ಸರಣಿಯಲ್ಲೂ ಅವರ ಹೆಸರು ಬರುತ್ತದಲ್ಲ?

ಬರುತ್ತದೆ. 1979ರ ನವೆಂಬರ್ 4, ಒಸಾಕಾ ಕ್ರೀಡಾಂಗಣ. ಕಿಂತೆತ್ಸು ಬಫಲೋಸ್ ಎದುರು ಏಳನೇ ಮತ್ತು ಕೊನೆಯ ಪಂದ್ಯ. ಹಿರೋಶಿಮಾ 4-3ರಿಂದ ಮುಂದಿದೆ. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಔಟ್ ಇಲ್ಲದೆ ಮೂರೂ ಬೇಸ್ ತುಂಬಿವೆ. ಎಸೆಯುತ್ತಿರುವವರು ಯುಟಾಕ ಎನಾತ್ಸು, ಮಹಾ ಸ್ವಾಭಿಮಾನಿ ಪಿಚರ್. ಅಷ್ಟರಲ್ಲಿ ಬೇರೆ ಪಿಚರ್‌ಗಳು ಮೈ ಬಿಸಿ ಮಾಡಿಕೊಳ್ಳುತ್ತಿರುವುದು ಅವರ ಕಣ್ಣಿಗೆ ಬಿತ್ತು. ತನ್ನ ಮೇಲೆ ನಂಬಿಕೆಯಿಲ್ಲವೇ ಎಂದು ಒಳಗೇ ಕುದಿದುಹೋದರು.

ಅದನ್ನು ಅರ್ಥ ಮಾಡಿಕೊಂಡು ಅವರ ಬಳಿ ನಡೆದು ಹೋದವರು ಕಿನುಗಾಸ. ನಿನಗೆ ಅನಿಸುತ್ತಿರುವುದೇ ನನಗೂ ಅನಿಸುತ್ತಿದೆ, ಅತ್ತ ನೋಡಬೇಡ, ನೀನು ಬಿಟ್ಟರೆ ನಾನೂ ಬಿಡುತ್ತೇನೆ ಎಂಬರ್ಥದ ಮಾತು ಹೇಳಿದರು. ಎನಾತ್ಸು ಮನಸ್ಸು ಹಿಡಿತಕ್ಕೆ ಬಂತು. ಮೊದಲು ಒಬ್ಬ ಬ್ಯಾಟರ್ ಸ್ಟ್ರೈಕ್‌ಔಟ್. ಆಮೇಲೆ ಎದುರಾಳಿಯ ಸ್ಕ್ವೀಜ್ ತಂತ್ರವನ್ನು (ಬ್ಯಾಟರ್ ಚೆಂಡನ್ನು ಮೆಲ್ಲನೆ ತಟ್ಟಿ ಮೂರನೇ ಬೇಸ್‌ನ ಓಟಗಾರನನ್ನು ಹೋಂ ಪ್ಲೇಟ್‌ಗೆ ತರುವುದು) ಎಸೆಯುವಾಗಲೇ ಊಹಿಸಿ ಚೆಂಡು ಹೊರಗೆಸೆದು ಆ ಓಟಗಾರನನ್ನು ಔಟ್ ಮಾಡಿಸಿದರು. ಕೊನೆಗೆ ಇನ್ನೊಂದು ಸ್ಟ್ರೈಕ್‌ಔಟ್. ಹಿರೋಶಿಮಾಗೆ ಮೊದಲ ಜಪಾನ್ ಸರಣಿ. ಆ ಇನ್ನಿಂಗ್ಸ್‌ನಲ್ಲಿ ಎನಾತ್ಸು ಎಸೆದ 21 ಚೆಂಡುಗಳ ಬಗ್ಗೆ ಜಪಾನಿನಲ್ಲಿ ಇಂದಿಗೂ ಚರ್ಚೆ ನಡೆಯುತ್ತದೆ. ಜೊತೆಗಾರ ಕಿನುಗಾಸ ಆಡಿದ ಎರಡು ಮಾತೂ ಆ ಗೆಲುವಿನಲ್ಲಿ ಸೇರಿದೆ.

ಕೊನೆಕೊನೆಗೆ ದಾಖಲೆಗಾಗಿಯೇ ಅವರನ್ನು ಆಡಿಸಿದರು ಎನ್ನುತ್ತಾರೆ. ನಿಜವೇ?

ಹೀಗೆ ಹೇಳುವವರು ಆಗಲೂ ಇದ್ದರು. 1986ರಲ್ಲಿ ಅವರ ಬ್ಯಾಟಿಂಗ್ ಸರಾಸರಿ (ಬ್ಯಾಟ್ ಹಿಡಿದು ನಿಂತ ಸರದಿಗಳಲ್ಲಿ ಹಿಟ್ ಆದದ್ದರ ಪಾಲು, 0.300 ದಾಟಿದರೆ ಚೆನ್ನ) 0.205ಕ್ಕೆ ಇಳಿದಿತ್ತು ಎಂಬುದು ಸತ್ಯ. ಆದರೆ ಅದೇ ವರ್ಷ 24 ಹೋಂ ರನ್ ಹೊಡೆದಿದ್ದರು, ಮೂರನೇ ಬೇಸ್ ಕಾಯ್ದು ಶ್ರೇಷ್ಠ ಫೀಲ್ಡರ್ ಪ್ರಶಸ್ತಿ ಪಡೆದಿದ್ದರು, ತಂಡ ಲೀಗ್ ಗೆದ್ದಿತ್ತು. ಬರಿಯ ದಾಖಲೆಗೆಂದು ಕೂರಿಸಿಕೊಂಡ ಆಟಗಾರನ ಲಕ್ಷಣ ಇದಲ್ಲ.

ಅದಕ್ಕೂ ಎರಡು ವರ್ಷ ಹಿಂದಿನದನ್ನೂ ನೋಡಿ. 1984ರಲ್ಲಿ, 37ನೇ ವಯಸ್ಸಿನಲ್ಲಿ, ಸರಾಸರಿ 0.329, 31 ಹೋಂ ರನ್, ತಂಡಕ್ಕೆ ತಂದುಕೊಟ್ಟ ರನ್ 102. ಅವರ ಇಡೀ ವೃತ್ತಿಜೀವನದಲ್ಲಿ ಸರಾಸರಿ 0.300 ದಾಟಿದ್ದು ಅದೊಂದೇ ವರ್ಷ. ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಅವರಿಗೇ ಬಂತು.

1987ರಲ್ಲಿ ಲೂ ಗೆಹ್ರಿಗ್ ದಾಖಲೆ ಮುರಿದದ್ದು ಹೇಗೆ?

ನ್ಯೂಯಾರ್ಕ್ ಯಾಂಕೀಸ್ ತಂಡದ ಗೆಹ್ರಿಗ್ 1925ರಿಂದ 1939ರವರೆಗೆ 2,130 ಪಂದ್ಯ ಬಿಡದೆ ಆಡಿದ್ದರು. ಪ್ರಾಣ ತೆಗೆದ ಕಾಯಿಲೆಯೇ ಅವರನ್ನು ನಿಲ್ಲಿಸಿತ್ತು. ಯಾರೂ ಮುಟ್ಟಲಾರರು ಎಂದುಕೊಂಡಿದ್ದ ಆ ಸಂಖ್ಯೆಯನ್ನು 1987ರ ಜೂನ್ 13ರಂದು ಹಿರೋಶಿಮಾದಲ್ಲಿ, ಚುನಿಚಿ ಡ್ರ್ಯಾಗನ್ಸ್ ಎದುರು ಕಿನುಗಾಸ ದಾಟಿದರು. ಪಂದ್ಯದ ನಂತರ ಮಾತನಾಡುತ್ತ, ತನಗೆ ಬೇಸ್‌ಬಾಲ್ ಕೊಟ್ಟ ದೇವರಿಗೆ ಕೃತಜ್ಞತೆ ಸಲ್ಲಿಸಿದರು.

ಅದೇ ತಿಂಗಳು ಸರ್ಕಾರ ಅವರಿಗೆ ರಾಷ್ಟ್ರೀಯ ಗೌರವ ಪ್ರಶಸ್ತಿ ಕೊಟ್ಟಿತು. ಬೇಸ್‌ಬಾಲ್‌ನವರಲ್ಲಿ ಅವರಿಗಿಂತ ಮೊದಲು ಅದನ್ನು ಪಡೆದಿದ್ದವರು ಸದಹಾರು ಓ ಒಬ್ಬರೇ, 1977ರಲ್ಲಿ. ಓ ಅವರ ತಂದೆ ಚೀನಾದವರು. ಜಪಾನಿನ ಬೇಸ್‌ಬಾಲ್‌ಗೆ ಸಂದ ಮೊದಲ ಎರಡು ರಾಷ್ಟ್ರೀಯ ಗೌರವಗಳೂ ಹೊರದೇಶದ ತಂದೆಯ ಮಕ್ಕಳಿಗೆ ಸಂದವು. ಇದನ್ನು ಜಪಾನಿನವರು ಇನ್ನೂ ಹೆಚ್ಚು ನೆನೆಯಬೇಕು ಎಂದು ನನಗನಿಸುತ್ತದೆ.

ಆ ವರ್ಷದ ಕೊನೆಯಲ್ಲಿ ಆಟ ನಿಲ್ಲಿಸಿದರು. ಕೊನೆಯ ವರ್ಷವೂ 17 ಹೋಂ ರನ್ ಹೊಡೆದಿದ್ದರು.

ಕ್ಯಾಲ್ ರಿಪ್ಕೆನ್ ಈ ದಾಖಲೆ ಮುರಿದರಲ್ಲವೇ?

ಮುರಿದರು. ಬಾಲ್ಟಿಮೋರ್ ಓರಿಯೋಲ್ಸ್ ತಂಡದ ರಿಪ್ಕೆನ್ 1996ರ ಜೂನ್ 14ರಂದು ಕಾನ್ಸಸ್ ಸಿಟಿಯಲ್ಲಿ ತಮ್ಮ 2,216ನೇ ಸತತ ಪಂದ್ಯ ಆಡಿದರು. ಅದನ್ನು ನೋಡಲು ಕಿನುಗಾಸ ಜಪಾನಿನಿಂದ ಹೋಗಿದ್ದರು. ತನ್ನ ದಾಖಲೆ ಮುರಿಯುವವನನ್ನು ಅಭಿನಂದಿಸಲು ಸಾಗರ ದಾಟಿ ಹೋದರು. ನಿಶಿಮೊಟೊಗಾಗಿ ಬ್ಯಾಟ್ ಬೀಸಿದವರು ಹೀಗೆ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಕಿನುಗಾಸ ಜಪಾನಿನ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಸೇರಿದ್ದೂ ಅದೇ ವರ್ಷ.

ರಿಪ್ಕೆನ್ 1998ರಲ್ಲಿ 2,632ಕ್ಕೆ ನಿಲ್ಲಿಸಿದರು. ಪಂದ್ಯದ ಲೆಕ್ಕದಲ್ಲಿ ಅವರೇ ಮುಂದು, ಅನುಮಾನವಿಲ್ಲ. ಆದರೆ ಅಮೆರಿಕದಲ್ಲಿ ವರ್ಷಕ್ಕೆ 162 ಪಂದ್ಯ, ಆಗಿನ ಜಪಾನಿನಲ್ಲಿ 130. ಕ್ಯಾಲೆಂಡರ್ ಹಿಡಿದು ಎಣಿಸಿದರೆ ಗೆಹ್ರಿಗ್ ಸರಣಿ ಸುಮಾರು 14 ವರ್ಷ, ರಿಪ್ಕೆನ್ ಸರಣಿ 16 ವರ್ಷ ಚಿಲ್ಲರೆ, ಕಿನುಗಾಸರದು 17 ವರ್ಷ 3 ದಿನ. ಇಷ್ಟು ದೀರ್ಘ ಕಾಲ ದೇಹವನ್ನು ದಿನದಿನವೂ ಸಿದ್ಧವಾಗಿ ಇಟ್ಟುಕೊಂಡವರು ಈ ಮೂವರಲ್ಲಿ ಕಿನುಗಾಸರೇ.

ಒಟ್ಟು ಅಂಕಿ ಅಂಶ?

ಆಡಿದ ಪಂದ್ಯ 2,677. ಹಿಟ್ 2,543, ಹೋಂ ರನ್ 504, ತಂಡಕ್ಕೆ ತಂದ ರನ್ 1,448, ಕದ್ದ ಬೇಸ್ (ಪಿಚರ್ ಎಸೆಯುವಷ್ಟರಲ್ಲಿ ಓಡಿ ಮುಂದಿನ ಬೇಸ್ ಹಿಡಿಯುವುದು) 266, ಸರಾಸರಿ 0.270. 1976ರಲ್ಲಿ 31 ಬೇಸ್ ಕದ್ದು ಲೀಗ್‌ನಲ್ಲಿ ಮೊದಲಿಗರಾಗಿದ್ದರು. ಎತ್ತರ 175 ಸೆಂ.ಮೀ. ಮಾತ್ರ, ಆದ್ದರಿಂದ ದೈತ್ಯನೆಂದು ಕಲ್ಪಿಸಿಕೊಳ್ಳಬೇಡಿ. ಸ್ಟ್ರೈಕ್‌ಔಟ್ 1,587, ಪ್ರತಿ ಸಲವೂ ಪೂರ್ತಿ ಬಲದಿಂದ ಬೀಸುತ್ತಿದ್ದವರು ತೆತ್ತ ಬೆಲೆ ಅದು. ಚೆಂಡು ಮೈಗೆ ಬಡಿದದ್ದು 161 ಸಲ.

ನಿವೃತ್ತಿಯ ನಂತರ ಕೋಚ್ ಆಗಲಿಲ್ಲವೇ?

ಇಲ್ಲ. ಯಾಮಾಮೊಟೊ ಕಾರ್ಪ್‌ನ ಮ್ಯಾನೇಜರ್ ಆದರು, ಕಿನುಗಾಸ ಕೋಚ್ ಆಗಿಯೂ ಮೈದಾನಕ್ಕೆ ಮರಳಲಿಲ್ಲ. ಟಿ.ವಿ.ಯಲ್ಲಿ ಆಟದ ವಿಶ್ಲೇಷಣೆ ಮಾಡುತ್ತ, ಬರೆಯುತ್ತ ಉಳಿದರು. ಹಿರೋಶಿಮಾದ ಅಭಿಮಾನಿಗಳಿಗೆ ಇದೊಂದು ಕೊರಗು. ನನಗೂ ಹೌದು.

2018ರ ಏಪ್ರಿಲ್ 23ರಂದು ಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು 71. ಅದಕ್ಕೆ ನಾಲ್ಕು ದಿನ ಮುಂಚೆಯೂ ಟಿ.ವಿ.ಯಲ್ಲಿ ಪಂದ್ಯದ ವಿಶ್ಲೇಷಣೆಗೆ ಕೂತಿದ್ದರು. ದನಿ ಕಟ್ಟಿತ್ತು. ಕೇಳಿದವರಿಗೆ ಏನೋ ಸರಿಯಿಲ್ಲ ಎಂದು ತಿಳಿದಿತ್ತು. ಆದರೂ ಪಂದ್ಯ ಮುಗಿಯುವವರೆಗೆ ಮಾತನಾಡಿದರು. ಆ ವರ್ಷ ಕಾರ್ಪ್ ಸತತ ಮೂರನೇ ಸಲ ಲೀಗ್ ಗೆದ್ದಿತು.

ಜಪಾನಿನಲ್ಲಿ ಮುಂದೆ ಯಾರಾದರೂ 2,215 ದಾಟಬಹುದೇ?

ಹತ್ತಿರ ಬಂದವರೆಂದರೆ ಹಾನ್ಶಿನ್ ತಂಡದ ತಾಕಾಶಿ ತೊರಿತಾನಿ. ಅವರೂ ಇನ್‌ಫೀಲ್ಡರ್. 2018ರಲ್ಲಿ ಅವರ ಸರಣಿ 1,939ಕ್ಕೆ ನಿಂತಿತು. ಈಗ ಜಪಾನಿನಲ್ಲಿ ವರ್ಷಕ್ಕೆ 143 ಪಂದ್ಯ. ಆ ಲೆಕ್ಕದಲ್ಲಿ ಹದಿನೈದು ಋತು ಪೂರ್ತಿ ಆಡಿ, ಹದಿನಾರನೆಯದರಲ್ಲೂ ಅರ್ಧದಷ್ಟು ಆಡಬೇಕು. ಒಳ್ಳೆಯ ಆಟಗಾರರು ಮೂವತ್ತು ದಾಟುವ ಮೊದಲೇ ಅಮೆರಿಕಕ್ಕೆ ಹೋಗುತ್ತಾರೆ. ಉಳಿದವರಿಗೂ ತಂಡದ ವೈದ್ಯರು, ತರಬೇತುದಾರರು ಲೆಕ್ಕ ಹಾಕಿ ವಿಶ್ರಾಂತಿ ಕೊಡಿಸುತ್ತಾರೆ. ಅದು ಒಳ್ಳೆಯದೇ, ಮೂಳೆ ಮುರಿದವನನ್ನು ಮರುದಿನ ಆಡಿಸುವ ಕಾಲ ಮತ್ತೆ ಬರುವುದು ಬೇಡ. ಹಾಗಾಗಿ ಈ ದಾಖಲೆ ನಮ್ಮ ಕಾಲದಲ್ಲಿ ಕಿನುಗಾಸರ ಹೆಸರಿನಲ್ಲೇ ಇರುತ್ತದೆ ಎಂದು ನನ್ನ ನಂಬಿಕೆ.